ದಪ್ಪ ಗಾಲಿಯ ಸೈಕಲ್ ಕೊಡಿಸಹೊರಟ ತಂದೆ ತಾಯಂದಿರಿಗೆ

ಚಿನಕುರಳಿ ಹೋಬಳಿಯ, ಹಾಗೆಯೇ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಎಲ್ಲ ತಂದೆ ತಾಯಂದಿರಲ್ಲಿ ಸವಿನಯ ಪ್ರಾರ್ಥನೆ.

ಇನ್ನೇನು ಶಾಲೆಗಳು ಶುರುವಾಗುತ್ತವೆ. ಯೂನಿಫಾರ್ಮು, ಬ್ಯಾಗು, ನೋಟ್‌ಬುಕ್ಕುಗಳ ಲೆಕ್ಕದ ಜೊತೆಗೆ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇನ್ನೊಂದು ಬೇಡಿಕೆಯೂ ಎದ್ದಿದೆ ಎಂದು ಬಲ್ಲೆ. ‘ಅಪ್ಪಾ, ದಪ್ಪ ಟಯರ್ ಸೈಕಲ್ ಕೊಡ್ಸು.’ ಸಾಧಾರಣ ನೂರು ಸಿಸಿ ಬೈಕಿನ ಟಯರಿಗಿಂತಲೂ ಅಗಲವಾದ ನಾಲ್ಕಿಂಚಿನ ಟಯರು, ಮುಂದೆ ಹಿಂದೆ ಡಿಸ್ಕ್ ಬ್ರೇಕು, ಹಸಿರೋ ಕಿತ್ತಳೆಯೋ ಕಣ್ಣು ಕುಕ್ಕುವ ಬಣ್ಣ. ಬಹಳಷ್ಟಕ್ಕೆ ಹತ್ತು ಹದಿನೈದು ಸಾವಿರ ಬೇಕು. ಆದರೂ ಕೊಡಿಸುತ್ತೀರಿ. ‘ಐಕ್ಳು ಆಸೆಪಟ್ಟದ್ದ ಇಲ್ಲ ಅನ್ನಕ್ಕಾಯ್ತದಾ ಮೇಷ್ಟ್ರೇ?’ ಎಂದು ನನ್ನನ್ನೇ ಕೇಳುತ್ತೀರಿ. ಆ ಮಾತಿನಲ್ಲಿರುವ ಪ್ರೀತಿಯನ್ನು ನಾನು ಪ್ರಶ್ನೆ ಮಾಡುತ್ತಿಲ್ಲ. ದುಡ್ಡು ನಿಮ್ಮದು, ಮಕ್ಕಳೂ ನಿಮ್ಮವರೇ. ಆದರೆ ಈ ಹೋಬಳಿಯಲ್ಲಿ ವಿಜ್ಞಾನ ಪಾಠ ಹೇಳಿಕೊಂಡು ಬಂದ ನನಗೆ, ನಿಮ್ಮಲ್ಲಿ ಅನೇಕರಿಗೇ ಪಾಠ ಹೇಳಿದವನಿಗೆ, ಎರಡು ಮಾತು ಆಡುವ ಸಲಿಗೆ ಇದೆ ಎಂದುಕೊಂಡಿದ್ದೇನೆ.

ಕೇಳಿಕೊಳ್ಳುವುದು ಇಷ್ಟೇ. ಗಾಲಿಯನ್ನು ಮಗುವಿನ ಕಾಲಳತೆ ನೋಡಿ ಆರಿಸಿ, ಅದು ಓಡುವ ರಸ್ತೆ ನೋಡಿ ಆರಿಸಿ. ಎದುರುಮನೆಯವರು ಏನು ತಂದರು ಎಂದು ನೋಡಿ ಅಲ್ಲ.

ಮೊದಲು ಒಂದು ಲೆಕ್ಕ ತೋರಿಸುತ್ತೇನೆ. ಈ ಸೈಕಲ್ಲಿನ ಟಯರಿನ ಮೇಲೆ ‘26 x 4.0’ ಎಂದು ಅಚ್ಚಾಗಿರುತ್ತದೆ. ಇಪ್ಪತ್ತಾರು ತಾನೇ, ನಮ್ಮಪ್ಪನ 28 ಇಂಚಿನ ಅಟ್ಲಾಸ್ ಸೈಕಲ್ಲಿಗಿಂತ ಎರಡಿಂಚು ಗಿಡ್ಡ, ಹುಡುಗನಿಗೆ ಸರಿಹೋಗುತ್ತದೆ ಎಂದುಕೊಳ್ಳುತ್ತೀರಿ. ಮೊನ್ನೆ ರಿಪೇರಿ ಅಂಗಡಿಯೊಂದರ ಮುಂದೆ ಇಂಥದ್ದೊಂದು ಸೈಕಲ್ಲೂ ಹಾಲಿನ ಕ್ಯಾನು ತೂಗುಹಾಕಿಕೊಂಡಿದ್ದ ಹಳೆಯ 28ರ ಸೈಕಲ್ಲೂ ಪಕ್ಕಪಕ್ಕದಲ್ಲೇ ನಿಂತಿದ್ದವು. ಅಂಗಡಿಯವನ ಟೇಪು ಇಸಕೊಂಡು ನೆಲದಿಂದ ಟಯರಿನ ನೆತ್ತಿಯವರೆಗೆ ಅಳೆದೆ. ಹಳೆಯದು 28 ಇಂಚು. ಹೊಸದು 29 ದಾಟಿತ್ತು. ನಿಂತು ನೋಡುತ್ತಿದ್ದವರಿಗೆ ನಂಬಿಕೆ ಬರಲಿಲ್ಲ. ಹಾಲಿನವರು ಟೇಪು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಹಿಡಿದರು. ಇದರಲ್ಲಿ ಮಾಯೆಯೇನಿಲ್ಲ. ಟಯರು ಕೂರುವ ರಿಮ್ಮಿನ ಅಳತೆ ಬೇರೆ, ಗಾಳಿ ತುಂಬಿದ ಮೇಲೆ ಗಾಲಿ ನಿಲ್ಲುವ ಎತ್ತರ ಬೇರೆ. ದಪ್ಪ ಸೈಕಲ್ಲಿನ ರಿಮ್ಮು 559 ಮಿಲಿಮೀಟರು, ಹಳೆಯ 28ರದ್ದು 635. ರಿಮ್ಮು ಚಿಕ್ಕದೇ ನಿಜ. ಆದರೆ ಮೇಲೊಂದು ಕೆಳಗೊಂದು ನಾಲ್ಕಿಂಚಿನ ಹತ್ತಿರದ ಟಯರು ಕೂತಾಗ ಒಟ್ಟು ಎತ್ತರ ಅಜ್ಜನ ಸೈಕಲ್ಲನ್ನೂ ಮೀರುತ್ತದೆ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ನೀವು ಕೇಳುತ್ತಿಲ್ಲ, ಅಷ್ಟೆ.

ಎತ್ತರದ ಮಾತು ಬಂದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: ‘ನಾವೇನ್ ಅಟ್ಲಾಸ್ ಸೈಕಲ್ಲಲ್ಲೇ ಕಲೀಲಿಲ್ವಾ?’ ಕಲಿತಿರಿ, ಸ್ವಾಮಿ. ನಾನೂ ಕಲಿತೆ. ಹೇಗೆ ಕಲಿತೆವು ಎನ್ನುವುದನ್ನು ಸ್ವಲ್ಪ ಜ್ಞಾಪಿಸಿಕೊಳ್ಳಿ. ಗಂಟೆಗಿಷ್ಟು ಎಂದು ಬಾಡಿಗೆಗೆ ತಂದು, ಸೀಟು ಕಂಕುಳಿಗೆ ಸಿಕ್ಕಿಸಿಕೊಂಡು, ಬಾರಿನ ಕೆಳಗೆ ಬಲಗಾಲು ತೂರಿಸಿ ಒಳಪೆಡಲ್ ಹೊಡೆದೆವು. ಸೀಟಿನ ಮೇಲೆ ಕೂತದ್ದು ಕಾಲು ನೆಲಕ್ಕೆ ಎಟುಕಿದ ಮೇಲೆ, ಎಷ್ಟೋ ತಿಂಗಳ ನಂತರ. ಒಳಪೆಡಲಿನ ಹುಡುಗ ಬಿದ್ದರೂ ಒಂದು ಕಾಲು ನೆಲಕ್ಕೆ ಹತ್ತಿರವೇ ಇರುತ್ತಿತ್ತು. ಹಳೆಯ ಸೈಕಲ್ಲಿನ ತ್ರಿಕೋನದ ಫ್ರೇಮು ಅದಕ್ಕೆ ಅನುವು ಮಾಡಿಕೊಟ್ಟಿತ್ತು. ಇವತ್ತಿನ ದಪ್ಪ ಸೈಕಲ್ಲಿನ ಓರೆ ಕೊಳವೆಗಳ ನಡುವೆ ಮಗುವಿನ ಕಾಲು ತೂರುವ ಜಾಗವಿಲ್ಲ. ಹುಡುಗ ಮೊದಲ ದಿನವೇ ಸೀಟಿನ ಮೇಲೆ ಕೂರಬೇಕು, ತುದಿಗಾಲಲ್ಲಿ ತುಳಿಯಬೇಕು. ನಾವು ಕಲಿತ ದಾರಿಯೇ ಅವನಿಗಿಲ್ಲ. ಅಲ್ಲದೆ ನಾವು ಕಲಿಯುವಾಗ ಎದುರಿಗೆ ಬರುತ್ತಿದ್ದದ್ದು ಎತ್ತಿನಗಾಡಿ.

ಆ 28ರ ಗಾಲಿಗೆ ಒಂದು ಅರ್ಥವಿತ್ತು. ಗಾಲಿ ದೊಡ್ಡದಾದಷ್ಟೂ ಗುಂಡಿಯ ಅಂಚಿಗೆ ಅದು ನೇರವಾಗಿ ಗುದ್ದುವುದಿಲ್ಲ, ಉರುಳಿ ಹತ್ತುತ್ತದೆ. ಟಾರು ಕಾಣದ ರಸ್ತೆಗಳ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮಿಲ್ಲಿಗೆ ಹಾಕಿಸುವ ರಾಗಿ ಮೂಟೆ, ಮುಂದೆ ಬಾರಿನ ಮೇಲೊಂದು ಮಗು, ಇಷ್ಟನ್ನೂ ಹೊತ್ತು ತಿರುಗಿದ್ದು ಆ ಗಾಲಿ. ಅಟ್ಲಾಸ್ ಕಂಪನಿ 1951ರಲ್ಲಿ ಈಗಿನ ಹರಿಯಾಣದ ಸೋನಿಪತ್‌ನಲ್ಲಿ ಶುರುವಾಯಿತು. ಅದರ ಕೊನೆಯ ದೊಡ್ಡ ಕಾರ್ಖಾನೆ, ಸಾಹಿಬಾಬಾದಿನದು, ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ! ವಿಧಿಯ ಕುಚೋದ್ಯ ಅನ್ನಬೇಕೋ ಏನೋ.

ಇನ್ನೂ ಹಿಂದೆ ಹೋದರೆ ಗಾಲಿಯ ಗಾತ್ರಕ್ಕೂ ಕಾಲಿಗೂ ಇದ್ದ ನಂಟು ಇನ್ನೂ ಸ್ಪಷ್ಟವಾಗುತ್ತದೆ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಂದ ಎತ್ತರದ ಸೈಕಲ್ಲಿನ ಚಿತ್ರವನ್ನು ಪಠ್ಯಪುಸ್ತಕಗಳಲ್ಲಿ ನೋಡಿರುತ್ತೀರಿ. ಮುಂದೆ ಆಳೆತ್ತರದ ಗಾಲಿ, ಹಿಂದೆ ಆಟಿಕೆಯಂಥ ಪುಟ್ಟ ಗಾಲಿ. ಅದು ತೋರಿಕೆಗಲ್ಲ. ಚೈನು ಇರಲಿಲ್ಲ, ಪೆಡಲು ಮುಂದಿನ ಗಾಲಿಗೇ ಇತ್ತು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ವೇಗ ಬೇಕೆಂದರೆ ಗಾಲಿ ದೊಡ್ಡದಾಗಲೇಬೇಕು. ಎಷ್ಟು ದೊಡ್ಡದು? ಸವಾರನ ಕಾಲು ಎಟುಕುವಷ್ಟು. ಆದ್ದರಿಂದ ಕಾಲಿನ ಅಳತೆ ಕೊಟ್ಟೇ ಗಾಲಿ ಕೊಳ್ಳುತ್ತಿದ್ದರು. 50 ಇಂಚಿನ ಅಂಥ ಗಾಲಿಯ ಮೇಲೆ ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರವರೆಗೆ ಭೂಮಿ ಸುತ್ತಿ ಬಂದ. ಲಾಹೋರಿನಿಂದ ಕಲ್ಕತ್ತದವರೆಗೆ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯ ಮೇಲೂ ತುಳಿದ. ಆದರೂ ಆ ಸೈಕಲ್ಲು ಸಣ್ಣ ಕಲ್ಲಿಗೆ ತಗುಲಿದರೂ ಸವಾರನನ್ನು ತಲೆಕೆಳಗಾಗಿ ಎಸೆಯುತ್ತಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ಚೈನಿನ ಸೈಕಲ್ಲು ಬಂದು ಎರಡು ಗಾಲಿಯೂ ಹತ್ತಿರ ಹತ್ತಿರ ಒಂದೇ ಅಳತೆಗೆ ಇಳಿದ ಮೇಲೆ ಜನ ಆ ಎತ್ತರದ ಸೈಕಲ್ಲನ್ನು ಕೈಬಿಟ್ಟರು. ಗಾಳಿ ತುಂಬಿದ ಟಯರನ್ನು ಸೈಕಲ್ಲಿಗೆ ತಂದ ಕಥೆಯಂತೂ ನಿಮಗೇ ಹೇಳಬೇಕಾದದ್ದು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರ ಸುಮಾರಿಗೆ ಅದನ್ನು ಮಾಡಿದ್ದು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ. ಹುಡುಗನ ಸವಾರಿ ಸುಲಭವಾಗಲಿ ಎಂದು ಯೋಚಿಸಿದ ತಂದೆ ಅವನು.

ಹಾಗಾದರೆ ಈ ನಾಲ್ಕಿಂಚಿನ ಟಯರು ಏತಕ್ಕಾಗಿ ಬಂತು? ಅಲಾಸ್ಕಾದ ಹಿಮದ ಮೇಲೆ ಹೂತುಹೋಗದೆ ಓಡಲು, ನ್ಯೂ ಮೆಕ್ಸಿಕೋದ ಮರಳಿನಲ್ಲಿ ಓಡಲು. ಅದಕ್ಕೂ ಮೊದಲು, 1933ರಲ್ಲಿ, ಅಮೆರಿಕದ ಶ್ವಿನ್ ಕಂಪನಿ ಎರಡಿಂಚು ಮೀರಿದ ಬಲೂನು ಟಯರಿನ ಸೈಕಲ್ಲು ತಂದಿತ್ತು. ಮುಂದೆ ಅದೇ ಬಗೆಯವು ಕ್ರೂಸರ್ ಎನಿಸಿಕೊಂಡು ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಗಾಳಿ ಸೇವಿಸುತ್ತಾ ನಿಧಾನಕ್ಕೆ ತುಳಿಯುವವರ ಮೆಚ್ಚಿನ ಸೈಕಲ್ಲಾದವು. ಒಳ್ಳೆಯ ವಸ್ತುಗಳೇ. ನಮ್ಮ ಚಿನಕುರಳಿಯಲ್ಲಿ ಹಿಮ ಬೀಳುವುದಿಲ್ಲ, ಕಡಲೂ ಇಲ್ಲ. ಬೆಳೆದ ಯುವಕನೊಬ್ಬ ಕುಂತಿಬೆಟ್ಟದ ಬುಡದ ಕಲ್ಲುದಾರಿಯಲ್ಲೋ ತೊಣ್ಣೂರು ಕೆರೆಯ ಏರಿಯ ಮೇಲೋ ಭಾನುವಾರ ತುಳಿಯುತ್ತೇನೆಂದರೆ ಧಾರಾಳವಾಗಿ ಕೊಳ್ಳಲಿ, ನನಗೂ ಒಂದು ಸುತ್ತು ಕೊಡಲಿ. ನನ್ನ ತಕರಾರಿರುವುದು ಏಳನೇ ಎಂಟನೇ ತರಗತಿಯ ಮಗುವಿಗೆ ದಿನಾ ಶಾಲೆಗೆ ಹೋಗಿಬರಲು ಇದನ್ನು ಕೊಡಿಸುವುದರ ಬಗ್ಗೆ.

ಯಾಕೆಂದು ಹೇಳುತ್ತೇನೆ. ಈ ಸೈಕಲ್ಲು ಕಡಿಮೆಯೆಂದರೂ 16 ಕೆ.ಜಿ., ಕೆಲವು 20ರ ಹತ್ತಿರ. ಆ ವಯಸ್ಸಿನ ಎಷ್ಟೋ ಮಕ್ಕಳ ಮೈತೂಕದ ಅರ್ಧ. ಹಳೆಯ 28 ಕೂಡ ಹಗುರವಲ್ಲ, ಒಪ್ಪುತ್ತೇನೆ. ಆದರೆ ಅದರ ಟಯರು ಒಂದೂವರೆ ಇಂಚು, ಗಟ್ಟಿಯಾಗಿ ಗಾಳಿ ಹೊಡೆದರೆ ಟಾರಿನ ಮೇಲೆ ಜಾರಿಕೊಂಡು ಹೋಗುತ್ತದೆ. ದಪ್ಪ ಟಯರು ಮೆತ್ತಗೆ ಟಾರನ್ನು ತಬ್ಬಿಕೊಳ್ಳುತ್ತದೆ, ಎಳೆಯುತ್ತದೆ. ನಾಲ್ಕು ಮೈಲಿ ತುಳಿದ ಮಗು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವುದನ್ನು ಮೇಷ್ಟ್ರಾದವರು ನೋಡುತ್ತಾರೆ, ನೀವು ನೋಡುವುದಿಲ್ಲ. ಅಗಲ ಟಯರಿಗೆ ಜಾಗ ಬೇಕಲ್ಲ, ಅದಕ್ಕಾಗಿ ಎರಡು ಪೆಡಲುಗಳ ನಡುವಿನ ಅಂತರವೂ ಹೆಚ್ಚು. ಸಣ್ಣ ಸೊಂಟದ ಮಗು ಕಾಲು ಅಗಲಿಸಿಕೊಂಡೇ ತುಳಿಯಬೇಕು. ಗಾಳಿಯದು ಇನ್ನೊಂದು ಕಥೆ. ಹಳೆಯ ಸೈಕಲ್ಲಿಗೆ ವಾಲ್‌ಟ್ಯೂಬು, ಕೈಪಂಪು ಇದ್ದರೆ ಸಾಕಿತ್ತು. ಇದಕ್ಕೆ ಬೈಕಿನ ಥರದ ವಾಲ್ವು. ಹುಡುಗರು ಪಂಕ್ಚರ್ ಅಂಗಡಿಗೆ ಹೋಗಿ ಬೈಕಿಗೆ ಹೊಡೆಸುವಂತೆ 30 ಹೊಡೆಸುತ್ತಾರೆ. ಈ ಬಗೆಯ ಬಹುಪಾಲು ಟಯರಿಗೆ ಬೇಕಾದದ್ದು ಅದಕ್ಕಿಂತ ತೀರ ಕಡಿಮೆ. ಎಷ್ಟು ಎಂದು ಟಯರಿನ ಪಕ್ಕೆಯ ಮೇಲೇ ಬರೆದಿರುತ್ತದೆ. ಓದಿ ಹೊಡೆಸಿ.

ಇನ್ನು ರಸ್ತೆ. ನಮ್ಮ ರಸ್ತೆಯನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿದರೆ ಪಾಂಡವಪುರದ ಕಡೆಗೆ ಟ್ರ್ಯಾಕ್ಟರುಗಳ ಸಾಲು. ಹಿಂದೆ ಒಂದಲ್ಲ ಎರಡು ಟ್ರೇಲರು, ಎರಡೂ ಕಡೆ ಚಾಚಿಕೊಂಡ ಕಬ್ಬು. ಬೇಬಿ ಬೆಟ್ಟದ ಕಲ್ಲುಕ್ವಾರಿಗಳ ಕಾಲದಲ್ಲಿ ಜಲ್ಲಿ ಟಿಪ್ಪರುಗಳ ಆರ್ಭಟ ಹೇಗಿತ್ತೆಂದೂ ಬಲ್ಲಿರಿ. ನಾಲೆ ಬದಿಯ ರಸ್ತೆಗಳಿಗೆ ತಡೆಗೋಡೆ ಇಲ್ಲದ್ದರ ಬೆಲೆಯನ್ನು ನಮ್ಮ ತಾಲ್ಲೂಕು 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ತೆತ್ತಿತು. ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಇಂಥ ರಸ್ತೆಯ ಮೇಲೆ ಸೈಕಲ್ ತುಳಿಯುವ ಮಗುವಿಗೆ ಬೇಕಾದದ್ದು ಒಂದೇ ವಿದ್ಯೆ. ಹಿಂದೆ ದೊಡ್ಡ ಗಾಡಿ ಬಂತೆಂದರೆ ಗಾಬರಿಯಾಗದೆ ನಿಲ್ಲಿಸಿ, ಕಾಲು ಊರಿ, ಅದು ದಾಟುವವರೆಗೆ ಕಾಯುವುದು. ಕಾಲು ಊರುವುದಕ್ಕೆ ಕಾಲು ನೆಲಕ್ಕೆ ಎಟುಕಬೇಕು.

ಕಳೆದ ಕಬ್ಬಿನ ಕಾಲದಲ್ಲಿ ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ಸಂಜೆ ಶಾಲೆ ಬಿಟ್ಟ ಹೊತ್ತು. ಹೊಸ ದಪ್ಪ ಸೈಕಲ್ಲಿನ ಹುಡುಗ, ಬೆನ್ನಿಗೆ ತುಂಬಿದ ಬ್ಯಾಗು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು. ಹುಡುಗ ಬುದ್ಧಿವಂತ, ಸರಿಯಾಗಿಯೇ ಎಡಕ್ಕೆ ತೆಗೆದುಕೊಂಡ, ಬ್ರೇಕೂ ಹಿಡಿದ. ಸೈಕಲ್ಲು ನಿಂತಿತು. ಎಡಗಾಲು ಚಾಚಿದ. ಅಲ್ಲಿ ಟಾರು ಮುಗಿದು ಮಣ್ಣು ಅರ್ಧ ಅಡಿ ತಗ್ಗಿನಲ್ಲಿತ್ತು. ಕಾಲು ಗಾಳಿಯಲ್ಲೇ ಉಳಿಯಿತು. ಬೆನ್ನಿನ ಬ್ಯಾಗು ಒಂದು ಕಡೆ ವಾಲಿತು, ಸೈಕಲ್ಲು ಅದರ ಹಿಂದೆ. ಪುಣ್ಯಕ್ಕೆ ಬಿದ್ದದ್ದು ಎಡಕ್ಕೆ, ಹೊಲದ ಕಡೆಗೆ. ಮೊಣಕೈ ಮುರಿಯಿತು, ಅಷ್ಟಕ್ಕೇ ಹೋಯಿತು. ಟ್ರ್ಯಾಕ್ಟರಿನವನಿಗೆ ಗೊತ್ತೇ ಆಗಲಿಲ್ಲ, ಹಾಡು ಹಾಕಿಕೊಂಡು ಮುಂದೆ ಹೋದ. ಆ ಹುಡುಗ ಯಾವ ತಪ್ಪೂ ಮಾಡಲಿಲ್ಲ ಎನ್ನುವುದನ್ನು ಗಮನಿಸಿ. ಇದೇ ಹುಡುಗ ತನ್ನ ಕಾಲಳತೆಗೆ ತಕ್ಕ ಗಿಡ್ಡ ಸೈಕಲ್ಲಿನ ಮೇಲಿದ್ದಿದ್ದರೆ ಕಾಲೂರಿ ನಿಂತು ಮನೆಗೆ ಹೋಗಿ ಉಪ್ಪಿಟ್ಟು ತಿನ್ನುತ್ತಿದ್ದ.

ಇಲ್ಲಿ ಒಂದು ಕಟುವಾದ ಮಾತು. ಕ್ಷಮಿಸಬೇಕು. ಆ ಟ್ರ್ಯಾಕ್ಟರುಗಳು ಯಾರವು? ನಿಮ್ಮಲ್ಲೇ ಎಷ್ಟೋ ಜನರದು. ಮಗನಿಗೆ ಹದಿನೈದು ಸಾವಿರದ ಸೈಕಲ್ಲು ಕೊಡಿಸಿದ ತಂದೆಯದೇ ಟ್ರೇಲರಿಗೆ ಹಿಂದೆ ದೀಪವಿಲ್ಲ, ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರೂ ಇಲ್ಲ. ಬೆಂಗಳೂರಿನಿಂದ ಬೈಕಿನಲ್ಲಿ ಬರುವವರನ್ನು ಬೈಯುತ್ತೇವೆ, ಲಾರಿಯವರನ್ನು ಬೈಯುತ್ತೇವೆ. ನಮ್ಮ ಮಕ್ಕಳ ಹಿಂದೆ ಬರುವ ಕತ್ತಲೆಯ ಗಾಡಿ ನಮ್ಮದೇ ಕೊಟ್ಟಿಗೆಯಿಂದ ಹೊರಟದ್ದು. ಈ ವರ್ಷ ಮೊದಲ ಲೋಡು ತುಂಬುವ ಮುಂಚೆ ಎರಡೂ ಟ್ರೇಲರುಗಳ ಹಿಂದೆ ರಿಫ್ಲೆಕ್ಟರ್ ಅಂಟಿಸಿ. ಕಬ್ಬು ಅದನ್ನು ಮುಚ್ಚದಂತೆ ಕಟ್ಟಿಸಿ. ಹಾಡಿನ ಸದ್ದು ಶಾಲೆ ಬಿಡುವ ಹೊತ್ತಿನಲ್ಲಾದರೂ ತಗ್ಗಿಸಲಿ ಎಂದು ಡ್ರೈವರಿಗೆ ಹೇಳಿ. ಯಾವ ಸೈಕಲ್ಲು ಕೊಡಿಸುತ್ತೀರಿ ಎನ್ನುವುದಕ್ಕಿಂತ ಇದೇ ದೊಡ್ಡ ಉಪಕಾರವಾದೀತು.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಬೋಲ್ಟು ಸಡಿಲ, ಬಣ್ಣ ಕಿತ್ತುಹೋಗುತ್ತದೆ ಎಂದು ನಾವೇ ಹೀಗಳೆದೆವು. ಆದರೂ ಹೆಣ್ಣುಮಕ್ಕಳು ಗುಂಪಾಗಿ, ಬೆಲ್ಲು ಹೊಡೆದುಕೊಂಡು, ಗಂಡುಹುಡುಗರನ್ನು ಹಿಂದೆ ಹಾಕಿ ಹೋಗುತ್ತಿದ್ದ ಬೆಳಗುಗಳನ್ನು ಈ ರಸ್ತೆ ಕಂಡಿತು. ಕೋವಿಡ್ ಬಂದಾಗ ಅದು ನಿಂತಿತು. ಈಗ ನೋಡಿದರೆ ಸೈಕಲ್ಲು ಮತ್ತೆ ಗಂಡುಮಕ್ಕಳ ಸೊತ್ತಾಗಿದೆ. ಅಣ್ಣನಿಗೆ ದಪ್ಪ ಗಾಲಿ. ತಂಗಿ ಕೇಳಿದರೆ, ‘ನಿಂಗೆ ಬಸ್ ಫ್ರೀ ಅಲ್ವಾ ಮಗ.’ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ದೊಡ್ಡ ಅನುಕೂಲವೇ, ಅನುಮಾನವಿಲ್ಲ. ಆದರೆ ಬಸ್ಸು ನಿಲ್ಲುವುದು ಸ್ಟಾಪಿನಲ್ಲಿ. ತೋಟದ ಮನೆಯಿಂದ ಸ್ಟಾಪಿಗೆ ಬರುವ ಎರಡು ಕಿಲೋಮೀಟರಿಗೆ ಬಸ್ಸಿಲ್ಲ. ಅಣ್ಣನ ಒಂದು ದಪ್ಪ ಸೈಕಲ್ಲಿನ ದುಡ್ಡಿನಲ್ಲಿ ಇಬ್ಬರಿಗೂ ಸಾದಾ ಸೈಕಲ್ ಬರುತ್ತದೆ. ಒಂದು ಸಲ ಅಂಗಡಿಯಲ್ಲಿ ಎರಡರ ಬೆಲೆಯನ್ನೂ ಕೇಳಿ ನೋಡಿ.

ಕೊಳ್ಳಲು ಹೋಗುವಾಗ ಮಗುವನ್ನು ಕರೆದುಕೊಂಡೇ ಹೋಗಿ. ‘ಸರ್ಪ್ರೈಸ್’ ಕೊಡುವ ಆಸೆ ಬೇಡ. ಮಗು ಸೈಕಲ್ಲಿನ ಮೇಲಿನ ಕೊಳವೆಯ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ಪಾದ ಪೂರ್ತಿ ಊರಿ ನಿಲ್ಲಲಿ. ಕೊಳವೆಗೂ ಮೈಗೂ ನಡುವೆ ಮೂರು ಬೆರಳಾದರೂ ತೂರಬೇಕು. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಮುಂಪಾದ ನೆಲ ಮುಟ್ಟಬೇಕು. ‘ಮುಂದಿನ ವರ್ಷಕ್ಕೆ ಬೆಳೀತಾನೆ’ ಎಂದು ಒಂದು ಸೈಜು ದೊಡ್ಡದು ತರುವುದು ಪ್ಯಾಂಟಿಗೆ ನಡೆಯುತ್ತದೆ, ಸೈಕಲ್ಲಿಗೆ ನಡೆಯುವುದಿಲ್ಲ. ಸೀಟನ್ನು ಮುಂದೆ ಏರಿಸಿಕೊಳ್ಳಬಹುದು, ಗಾಲಿಯನ್ನು ಇಳಿಸಲಾಗದು. ಹ್ಯಾಂಡಲ್ ಹಿಡಿದ ಹಾಗೇ ಬೆರಳು ಚಾಚಿದರೆ ಬ್ರೇಕಿನ ಹಿಡಿ ಪೂರ್ತಿ ಕೈಗೆ ಸಿಗಬೇಕು. ಇಷ್ಟು ನೋಡಿ, ಮಗುವಿನಿಂದ ಅಂಗಡಿ ಮುಂದೆ ಒಂದು ಸುತ್ತು ಹೊಡೆಸಿ, ಥಟ್ಟನೆ ನಿಲ್ಲಿಸಲು ಹೇಳಿ. ನಿಲ್ಲಿಸಿದಾಗ ಮಗು ವಾಲುತ್ತದೋ ಕಾಲೂರಿ ನಿಲ್ಲುತ್ತದೋ, ನಿಮ್ಮ ಕಣ್ಣಿಗೇ ಕಾಣುತ್ತದೆ.

ದಪ್ಪ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಕ್ಯಾರಿಯರ್ ಇಲ್ಲ, ಸರಿಯಾದ ಮಡ್‌ಗಾರ್ಡ್ ಇಲ್ಲ, ಚೈನ್ ಕವರಿಲ್ಲ. ಸಾದಾ ಸೈಕಲ್ಲು ಕೊಂಡು ಉಳಿಯುವ ದುಡ್ಡನ್ನು ಇವಕ್ಕೆ ಹಾಕಿ. 9, 10ನೇ ತರಗತಿಯವರ ಬ್ಯಾಗು 5 ಕೆ.ಜಿ. ಮೀರಬಾರದೆಂದು 2019ರಲ್ಲಿ ಸರ್ಕಾರವೇ ಆದೇಶ ಮಾಡಿತು. ನಮ್ಮ ಮಕ್ಕಳ ಬ್ಯಾಗನ್ನು ಯಾರೂ ತೂಗಿ ನೋಡಿಲ್ಲ. ಆ ಭಾರ ಬೆನ್ನ ಮೇಲಲ್ಲ, ಕ್ಯಾರಿಯರಿನ ಮೇಲೆ ಇರಲಿ. ಹೆಣ್ಣುಮಕ್ಕಳ ವೇಲು ಸಿಗದಂತೆ ಚೈನ್ ಕವರು ಪೂರ್ತಿಯದಾಗಿರಲಿ. ಹಿಂದೆ ಕೆಂಪು ರಿಫ್ಲೆಕ್ಟರು, ಮುಂದೆ ಒಂದು ದೀಪ. ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಚಳಿಗಾಲದಲ್ಲಿ ಕತ್ತಲಾಗಿರುತ್ತದೆ.

ಈಗಾಗಲೇ ದಪ್ಪ ಸೈಕಲ್ಲು ತಂದುಬಿಟ್ಟಿದ್ದೀರಾ? ಮಾರಿಬಿಡಿ ಎನ್ನುವುದಿಲ್ಲ. ಮಗುವಿನ ಮನಸ್ಸು ನೋಯಿಸಬೇಡಿ. ಸೀಟು ಆದಷ್ಟೂ ಇಳಿಸಿ, ಕ್ಯಾರಿಯರ್ ಹಾಕಿಸಿ, ಕಾಲು ನೆಲಕ್ಕೆ ಎಟುಕುವವರೆಗೆ ಊರೊಳಗೆ, ಶಾಲೆಯ ಬಯಲಿನಲ್ಲಿ ಓಡಿಸಲಿ. ಬೇಬಿ ಬೆಟ್ಟದ ಜಾತ್ರೆಗೆ ಬೇಕಾದರೆ ಅಪ್ಪನ ಜೊತೆಯಲ್ಲಿ ಹೋಗಿಬರಲಿ, ನಾಲ್ಕು ಜನ ನೋಡಲಿ. ಮೇನ್ ರೋಡಿಗೆ ಮಾತ್ರ ಒಂದೆರಡು ವರ್ಷ ತಡೆಯಲಿ.

ಕೊಳ್ಳುವ ಮುಂಚೆ ಅಳತೆ ನೋಡಿಸಬೇಕೆನ್ನುವವರು ಯಾವ ಭಾನುವಾರ ಬೆಳಿಗ್ಗೆಯಾದರೂ ಮಗುವನ್ನು ಕರೆದುಕೊಂಡು ಮನೆಗೆ ಬನ್ನಿ. ಹಳೆಯ ವಿದ್ಯಾರ್ಥಿಗಳಾದ ನಿಮಗೆ ದಾರಿ ಗೊತ್ತು. ಕಾಫಿ ಕುಡಿದುಕೊಂಡೇ ಅಳೆಯೋಣ. ಟ್ರೇಲರಿಗೆ ರಿಫ್ಲೆಕ್ಟರ್ ಹಾಕಿಸಿದವರು ಅದನ್ನೂ ಹೇಳಿ ಹೋಗಿ, ಕಾಫಿಯ ಜೊತೆ ಕೋಡುಬಳೆಯೂ ಉಂಟು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಚಿನಕುರಳಿ, ಪಾಂಡವಪುರ ತಾಲ್ಲೂಕು